ಹಳೇ ಕಂಪನಿಯ ಕಸ್ಟಮರ್ ಲಿಸ್ಟ್, ನಿಮ್ಮ ಹೊಸ ವ್ಯಾಪಾರ: ನೋಟಿಸ್ ಬರದ ಹಾಗೆ ಹಳೇ ಪರಿಚಯದವರನ್ನು ತಲುಪುವುದು ಹೇಗೆ?

ಕೆಲಸ ಬಿಟ್ಟು ಸ್ವಂತ ವ್ಯಾಪಾರ ಶುರು ಮಾಡಿದವರು ಎಡವುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ಆಫೀಸ್ ಕಂಪ್ಯೂಟರ್‌ನಿಂದ ತಂದ ಎಕ್ಸೆಲ್ ಶೀಟ್ ತೆರೆಯುತ್ತಾರೆ. ಅದರಲ್ಲಿರುವ ಅಷ್ಟೂ ನಂಬರಿಗೆ ಒಂದೇ ಮೆಸೇಜ್ ಬಿಡುತ್ತಾರೆ. ಕೆಲವೇ ದಿನಗಳಲ್ಲಿ ಹಳೇ ಕಂಪನಿಯ ವಕೀಲರ ನೋಟಿಸ್ ಬಂದು ಬೀಳುತ್ತದೆ. ಆಮೇಲೆ ಗಾಬರಿಯಾಗಿ ಫೋನ್ ಮಾಡುತ್ತಾರೆ, "ಅಣ್ಣಾ, ನಂಬರ್ ತಾನೇ ತಂದಿದ್ದು, ದುಡ್ಡೇನೂ ಎತ್ಕೊಂಡು ಬಂದಿಲ್ವಲ್ಲಾ?"

ನಾನೂ ಇದನ್ನೇ ಮಾಡಿದವನು. ಯುಪಿಎಸ್, ಬ್ಯಾಟರಿ ಮಾರುವ ಒಂದು ಕಂಪನಿಯಲ್ಲಿ ಏಳು ವರ್ಷ ಇದ್ದೆ. ಬಿಡುವ ಹಿಂದಿನ ರಾತ್ರಿ 1,400 ಹೆಸರಿನ ಶೀಟನ್ನು ನನ್ನ ಜಿಮೇಲ್‌ಗೆ ಕಳಿಸಿಕೊಂಡೆ. ಎರಡು ವಾರ ಬಿಟ್ಟು ಎಲ್ಲರಿಗೂ ಮೆಸೇಜ್ ಹಾಕಿದೆ. ಬಂದ ಆರ್ಡರ್ ಎರಡು, ಬಂದ ನೋಟಿಸ್ ಒಂದು. ವಕೀಲರಿಗೆ ಕೊಟ್ಟ ಫೀಸು ಆ ಎರಡು ಆರ್ಡರಿನ ಲಾಭಕ್ಕಿಂತ ಜಾಸ್ತಿ ಆಯಿತು. ಆ ಲಿಸ್ಟ್ ಇಲ್ಲದೆಯೇ ಹಳೇ ಗ್ರಾಹಕರು ನನ್ನ ಬಳಿ ಬಂದರು ಅನ್ನುವುದು ಆಮೇಲಿನ ಮಾತು. ಅದು ಹೇಗೆ ಆಯಿತು ಅನ್ನುವುದನ್ನೇ ಕೆಳಗೆ ಹಂತ ಹಂತವಾಗಿ ಬರೆದಿದ್ದೇನೆ. ಕ್ರಮ ತಪ್ಪಿಸಬೇಡಿ. ಇಲ್ಲಿ ಏನು ಮಾಡುತ್ತೀರಿ ಅನ್ನುವಷ್ಟೇ ಯಾವಾಗ ಮಾಡುತ್ತೀರಿ ಅನ್ನುವುದೂ ಮುಖ್ಯ.

## ಕೈಗೆ ಬೇಕಾದ ಸಾಮಾನು

ದೊಡ್ಡದೇನೂ ಬೇಡ. ನಿಮ್ಮ ಅಪಾಯಿಂಟ್‌ಮೆಂಟ್ ಲೆಟರ್ ಮತ್ತು ಆಮೇಲೆ ಸಹಿ ಹಾಕಿದ ಪ್ರತಿಯೊಂದು ಕಾಗದದ ಪ್ರತಿ. ಒಂದು ಖಾಲಿ ನೋಟ್‌ಬುಕ್. ಹೊಸ ಸಿಮ್, ಹೊಸ ಇಮೇಲ್ ಐಡಿ. ವಾಟ್ಸ್ಆ್ಯಪ್ ಬಿಸಿನೆಸ್ ಆ್ಯಪ್, ಅದು ಪುಕ್ಕಟೆ. ಕೊನೆಗೆ ಒಬ್ಬ ವಕೀಲರ ಒಂದು ಗಂಟೆ. ಈ ಕೊನೆಯದನ್ನು ಎಲ್ಲರೂ ಉಳಿಸಲು ನೋಡುತ್ತಾರೆ. ನೋಟಿಸ್ ಬಂದ ಮೇಲೆ ಅದೇ ವಕೀಲರು ಹತ್ತು ಗಂಟೆ ಬೇಕಾಗುತ್ತಾರೆ.

ಖಾಲಿ ನೋಟ್‌ಬುಕ್ ಯಾಕೆ ಅಂತ ಐದನೇ ಹಂತದಲ್ಲಿ ಹೇಳುತ್ತೇನೆ. ಈಗಲೇ ಕೊಂಡಿಟ್ಟುಕೊಳ್ಳಿ.

## ಹಂತ 1: ಸಹಿ ಹಾಕಿದ ಕಾಗದ ಓದಿ

ರಾಜೀನಾಮೆ ಕೊಡುವ ಮುಂಚೆ ಓದಬೇಕು, ಕೊಟ್ಟ ಮೇಲಲ್ಲ. ಹೆಚ್ಚಿನ ಲೆಟರ್‌ಗಳಲ್ಲಿ ಮೂರು ಬಗೆಯ ಷರತ್ತು ಇರುತ್ತವೆ. ಮೂರನ್ನೂ ಒಂದೇ ಅಂದುಕೊಂಡು ಜನ ಒಂದೋ ಅತಿಯಾಗಿ ಹೆದರುತ್ತಾರೆ, ಇಲ್ಲವೇ ಹೆದರುವುದೇ ಇಲ್ಲ.

ಮೊದಲನೆಯದು, "ಕೆಲಸ ಬಿಟ್ಟ ಮೇಲೆ ಎರಡು ವರ್ಷ ಇದೇ ವ್ಯಾಪಾರ ಮಾಡಬಾರದು" ಎಂಬ ಷರತ್ತು. ಇದಕ್ಕೆ ಅಷ್ಟೊಂದು ಹೆದರಬೇಕಾಗಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ, ಯಾರನ್ನಾದರೂ ಕಾನೂನುಬದ್ಧ ವೃತ್ತಿ, ವ್ಯಾಪಾರ ಮಾಡದಂತೆ ತಡೆಯುವ ಒಪ್ಪಂದ ಅಷ್ಟರ ಮಟ್ಟಿಗೆ ಅನೂರ್ಜಿತ. ಕ್ರಿಕೆಟಿಗ ಜಹೀರ್ ಖಾನ್ ಅವರ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ಕೂಡ ಕರಾರು ಮುಗಿದ ಮೇಲಿನ ತಡೆ ನಿಲ್ಲುವುದಿಲ್ಲ ಎಂದಿತು. ಆದರೆ ಕೆಲಸದಲ್ಲಿ ಇರುವಾಗಿನ ತಡೆ ಬೇರೆ. ಅದು ನಿಲ್ಲುತ್ತದೆ ಎಂದು ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿದೆ. ನೋಟಿಸ್ ಪೀರಿಯಡ್, ಅಂದರೆ ರಾಜೀನಾಮೆ ಕೊಟ್ಟ ಮೇಲೆ ಬಿಡುಗಡೆ ಆಗುವ ತನಕದ ದಿನಗಳು ಕೂಡ ಕೆಲಸದಲ್ಲಿರುವ ಕಾಲವೇ. ಇದನ್ನು ನೆನಪಿಡಿ, ಮೂರನೇ ಹಂತದಲ್ಲಿ ಬೇಕಾಗುತ್ತದೆ.

ಎರಡನೆಯದು, "ನಮ್ಮ ಗ್ರಾಹಕರನ್ನು ಸೆಳೆಯಬಾರದು" ಎಂಬುದು. ಇದರ ಬಗ್ಗೆ ಕೋರ್ಟ್‌ಗಳು ಒಂದೇ ದನಿಯಲ್ಲಿ ಮಾತಾಡಿಲ್ಲ. 2009ರಲ್ಲಿ ದೆಹಲಿ ಹೈಕೋರ್ಟ್ ಒಂದು ಪ್ರಕರಣದಲ್ಲಿ, ಅದೇ ವ್ಯಾಪಾರ ಮಾಡುವುದಕ್ಕೆ ತಡೆ ಕೊಡಲಿಲ್ಲ. ಆದರೆ ಹಳೇ ಕಂಪನಿಯ ಗ್ರಾಹಕರ ಹಿಂದೆ ಹೋಗುವುದಕ್ಕೆ ತಡೆ ಕೊಟ್ಟಿತು. ನಿಮ್ಮ ಲೆಟರ್‌ನಲ್ಲಿ ಈ ಸಾಲು ಇದ್ದರೆ, ಎಷ್ಟು ತಿಂಗಳು, ಯಾವ ಗ್ರಾಹಕರು ಅಂತ ಅಡಿಗೆರೆ ಎಳೆದು ವಕೀಲರಿಗೆ ತೋರಿಸಿ. ಒಂದು ಗಂಟೆ ಬೇಕು ಅಂದದ್ದು ಮುಖ್ಯವಾಗಿ ಇದಕ್ಕೇ.

ಮೂರನೆಯದು ಗೌಪ್ಯ ಮಾಹಿತಿಯ ಷರತ್ತು. ಕಡಿಮೆ ಜನ ಓದುವುದು ಇದನ್ನೇ, ಜಾಸ್ತಿ ಜನ ಸಿಕ್ಕಿಬೀಳುವುದೂ ಇದರಲ್ಲೇ. "ಗ್ರಾಹಕರ ಪಟ್ಟಿ", "ದರ", "ಡೇಟಾಬೇಸ್" ಎಂಬ ಪದಗಳು ಇವೆಯೇ ನೋಡಿ. 27ನೇ ಸೆಕ್ಷನ್ ನಿಮ್ಮ ವ್ಯಾಪಾರವನ್ನು ಕಾಪಾಡುತ್ತದೆ. ನೀವು ಎತ್ತಿಕೊಂಡು ಬಂದ ಫೈಲನ್ನು ಕಾಪಾಡುವುದಿಲ್ಲ.

## ಹಂತ 2: ಯಾವ ಹೆಸರು ಯಾರದ್ದು ಅಂತ ಮೂರು ಪಾಲು ಮಾಡಿ

"ಆ ಗ್ರಾಹಕರನ್ನು ಹುಡುಕಿ ತಂದವನೇ ನಾನು, ಲಿಸ್ಟ್ ನಂದೇ ಅಲ್ವಾ?" ಈ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಅಲ್ಲ. ಸಂಬಳ ತಗೊಂಡು, ಕಂಪನಿಯ ಪೆಟ್ರೋಲ್ ಹಾಕಿಸಿಕೊಂಡು ತುಂಬಿಸಿದ ಶೀಟ್ ಕಂಪನಿಯದ್ದು. ಪರಿಚಯ ಮಾತ್ರ ನಿಮ್ಮದು, ಅದನ್ನು ಯಾರೂ ಕಿತ್ತುಕೊಳ್ಳಲು ಆಗುವುದಿಲ್ಲ.

ಕೋರ್ಟ್‌ಗಳಲ್ಲಿ ಇದು ಎರಡೂ ಕಡೆ ವಾಲಿದೆ. ಬರ್ಲಿಂಗ್ಟನ್ ಹೋಂ ಶಾಪಿಂಗ್ ಎಂಬ ಕಂಪನಿ ಅಂಚೆ ಮೂಲಕ ಸಾಮಾನು ಮಾರುತ್ತಿತ್ತು. ಅದರ ಮಾಜಿ ನೌಕರರೊಬ್ಬರು ಗ್ರಾಹಕರ ವಿಳಾಸದ ಡೇಟಾಬೇಸ್ ಹಿಡಿದುಕೊಂಡು ಅದೇ ವ್ಯಾಪಾರಕ್ಕೆ ಇಳಿದರು. ಶ್ರಮ ಹಾಕಿ ಕೂಡಿಸಿದ ಆ ಪಟ್ಟಿಗೆ ಕಾಪಿರೈಟ್ ಇದೆ ಎಂದು ದೆಹಲಿ ಹೈಕೋರ್ಟ್ 1995ರಲ್ಲಿ ಅದನ್ನು ಬಳಸದಂತೆ ತಡೆ ಕೊಟ್ಟಿತು. ಅದೇ ಹೈಕೋರ್ಟ್ 2006ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಬ್ಯಾಂಕ್ ತನ್ನ ಮಾಜಿ ಉದ್ಯೋಗಿಯ ಮೇಲೆ ಕೇಳಿದ ತಡೆಯನ್ನು ಕೊಡಲಿಲ್ಲ. 2018ರ ನ್ಯಾವಿಗೇಟರ್ಸ್ ಲಾಜಿಸ್ಟಿಕ್ಸ್ ಪ್ರಕರಣದಲ್ಲೂ ಬರೀ ಹೆಸರು, ಫೋನ್ ನಂಬರಿನ ಪಟ್ಟಿಗೆ ಕಾಪಿರೈಟ್ ಸಿಗಲಿಲ್ಲ.

ಎರಡನೇ ಬಗೆಯ ತೀರ್ಪು ಓದಿ ಖುಷಿಪಡುವವರೇ ಜಾಸ್ತಿ. ಒಂದು ವಿಷಯ ಗಮನಿಸಿ. ಗೆದ್ದವರೂ ಕೋರ್ಟಿನ ಮೆಟ್ಟಿಲು ಹತ್ತಿಯೇ ಗೆದ್ದದ್ದು. ಹೊಸದಾಗಿ ಅಂಗಡಿ ಬಾಗಿಲು ತೆಗೆದವನಿಗೆ ಅಲೆದಾಡಲು ದುಡ್ಡೂ ಇರುವುದಿಲ್ಲ, ಪುರುಸೊತ್ತೂ ಇರುವುದಿಲ್ಲ.

ಆದ್ದರಿಂದ ಪಾಲು ಮಾಡುವುದು ಹೀಗೆ:

ನಿಮ್ಮದು: ಕೆಲಸಕ್ಕೆ ಸೇರುವ ಮೊದಲೇ ಗೊತ್ತಿದ್ದವರು, ನೆಂಟರು, ಕ್ಲಾಸ್‌ಮೇಟ್‌ಗಳು, ನಿಮ್ಮ ಬಡಾವಣೆಯವರು. ಇವರಲ್ಲಿ ಕೆಲವರು ಹಳೇ ಕಂಪನಿಯ ಗ್ರಾಹಕರೂ ಆಗಿರಬಹುದು. ಪರಿಚಯ ಮುಂಚಿನದು ಅಂತ ತೋರಿಸಲು ಹಳೇ ಮೆಸೇಜ್, ಫೋಟೋ ಏನಾದರೂ ಇದ್ದರೆ ಒಳ್ಳೆಯದು.

ಎಲ್ಲರದ್ದು: ಬೋರ್ಡ್ ಮೇಲೆ, ಗೂಗಲ್ ಮ್ಯಾಪ್‌ನಲ್ಲಿ, ಜಸ್ಟ್‌ಡಯಲ್‌ನಲ್ಲಿ, ಕಂಪನಿಯ ಸ್ವಂತ ವೆಬ್‌ಸೈಟ್‌ನಲ್ಲಿ ನಂಬರ್ ಹಾಕಿಕೊಂಡವರು. ಒಂದು ಆಸ್ಪತ್ರೆಗೆ ಯುಪಿಎಸ್ ಬೇಕಾಗುತ್ತದೆ ಅನ್ನುವುದು ಯಾರ ಗುಟ್ಟೂ ಅಲ್ಲ.

ಅವರದ್ದು: ಉಳಿದ ಎಲ್ಲವೂ. ಮುಖ್ಯವಾಗಿ ಹೆಸರಿನ ಪಕ್ಕದ ಕಾಲಂಗಳು. ಯಾವ ತಾರೀಕಿಗೆ ಬ್ಯಾಟರಿ ಹಾಕಿದ್ದು, ಎಎಂಸಿ (ವರ್ಷದ ಸರ್ವಿಸ್ ಕರಾರು) ಯಾವಾಗ ಮುಗಿಯುತ್ತದೆ, ಎಷ್ಟಕ್ಕೆ ಕೊಟ್ಟದ್ದು, ಯಾರಿಗೆ ಎಷ್ಟು ಡಿಸ್ಕೌಂಟ್. ಲಿಸ್ಟಿನ ನಿಜವಾದ ಬೆಲೆ ಇರುವುದು ಇಲ್ಲೇ. ನನ್ನ ನೋಟಿಸ್‌ನಲ್ಲಿ ಹೆಸರು, ನಂಬರಿನ ವಿಷಯ ಎರಡು ಸಾಲು ಇತ್ತು. ಎಎಂಸಿ ತಾರೀಕಿನ ವಿಷಯ ಎರಡು ಪುಟ ಇತ್ತು.

## ಹಂತ 3: ನೋಟಿಸ್ ಪೀರಿಯಡ್‌ನಲ್ಲಿ ಕೈ ಕಟ್ಟಿ ಕೂತುಕೊಳ್ಳಿ

ಅತಿ ಹೆಚ್ಚು ಎಡವಟ್ಟು ನಡೆಯುವುದು ಈ 30, 60 ಅಥವಾ 90 ದಿನಗಳಲ್ಲಿ. ಹೊಸ ಕನಸಿನ ಉತ್ಸಾಹ, ಹಳೇ ಆಫೀಸಿನ ಲಾಗಿನ್ ಇನ್ನೂ ಕೈಯಲ್ಲಿ. ಮನಸ್ಸು ತಡೆಯುವುದಿಲ್ಲ.

ಜನ ಮಾಡುವ ತಪ್ಪುಗಳು ಇವು. ಶೀಟನ್ನು ಸ್ವಂತ ಇಮೇಲ್‌ಗೆ ಕಳಿಸಿಕೊಳ್ಳುವುದು. ಪೆನ್ ಡ್ರೈವ್‌ಗೆ ಹಾಕಿಕೊಳ್ಳುವುದು. "ಕಳಿಸಿದರೆ ತಾನೇ ಗೊತ್ತಾಗೋದು" ಅಂತ ಸ್ಕ್ರೀನಿನ ಫೋಟೋ ಹೊಡೆಯುವುದು. ಪ್ರಿಂಟ್ ತೆಗೆದು ಊಟದ ಬ್ಯಾಗಿನಲ್ಲಿ ತರುವುದು. ಇನ್ನೂ ಒಳಗಿರುವ ಗೆಳೆಯನಿಂದ ತರಿಸಿಕೊಳ್ಳುವುದು. ಕೊನೆಯದು ಎಲ್ಲಕ್ಕಿಂತ ಕೆಟ್ಟದ್ದು, ಯಾಕೆಂದರೆ ಅವನ ಕೆಲಸವೂ ಹೋಗುತ್ತದೆ.

ದೊಡ್ಡ ಆಫೀಸ್‌ಗಳಲ್ಲಿ ಯಾರು ಎಷ್ಟು ಹೊತ್ತಿಗೆ ಯಾವ ಫೈಲ್ ಇಳಿಸಿಕೊಂಡರು ಅನ್ನುವುದು ದಾಖಲಾಗುತ್ತದೆ. ರಾಜೀನಾಮೆ ಕೊಟ್ಟವರ ಲಾಗ್ ತೆಗೆದು ನೋಡುವುದು ಎಷ್ಟೋ ಕಡೆ ಮಾಮೂಲಿ. ಸಣ್ಣ ಆಫೀಸ್‌ನಲ್ಲಿ ಲಾಗ್ ಇಲ್ಲದಿರಬಹುದು. ಆದರೆ ಅಲ್ಲಿ ಓನರ್‌ಗೆ ಗ್ರಾಹಕರೇ ಫೋನ್ ಮಾಡಿ ಹೇಳುತ್ತಾರೆ.

ಕಾನೂನು ಏನು ಹೇಳುತ್ತದೆ ನೋಡಿ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್ ಪ್ರಕಾರ ಮಾಲೀಕರ ಅನುಮತಿ ಇಲ್ಲದೆ ಕಂಪ್ಯೂಟರ್‌ನಿಂದ ಡೇಟಾ ಇಳಿಸಿಕೊಂಡರೆ, ನಕಲು ಮಾಡಿದರೆ ಪರಿಹಾರ ಕೊಡಬೇಕಾಗುತ್ತದೆ. ಅದನ್ನೇ ಅಪ್ರಾಮಾಣಿಕವಾಗಿ, ಮೋಸದಿಂದ ಮಾಡಿದ್ದರೆ 66ನೇ ಸೆಕ್ಷನ್ ಬರುತ್ತದೆ. ಅದಕ್ಕೆ 3 ವರ್ಷದವರೆಗೆ ಜೈಲು, ಅಥವಾ 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ನಮ್ಮ ರಾಜ್ಯದಲ್ಲಿ ಇಂಥ ದೂರು ಹೋಗುವುದು ಸಾಮಾನ್ಯವಾಗಿ ಸೈಬರ್ ಕ್ರೈಂ ಪೊಲೀಸ್ ಠಾಣೆಗೆ. ಆಫೀಸಿನ ಕೆಲಸಕ್ಕೆ ಲಾಗಿನ್ ಕೊಟ್ಟಿದ್ದರು ಅಂದ ಮಾತ್ರಕ್ಕೆ ಮನೆಗೆ ಒಯ್ಯಲು ಅನುಮತಿ ಕೊಟ್ಟ ಹಾಗೆ ಆಗುವುದಿಲ್ಲ.

ಇನ್ನೊಂದು ತಪ್ಪು ಬಾಯಿಂದ ಆಗುವುದು. ಸರ್ವಿಸ್‌ಗೆ ಅಂತ ಗ್ರಾಹಕರ ಮನೆಗೆ ಹೋಗಿ, "ಮುಂದಿನ ತಿಂಗಳಿಂದ ನಾನೇ ಶುರು ಮಾಡ್ತಿದೀನಿ ಸರ್, ರಿನ್ಯೂವಲ್ ಸ್ವಲ್ಪ ತಡೀರಿ" ಅನ್ನುವುದು. ಸಂಬಳ ಅವರದ್ದು, ಕ್ಯಾನ್ವಾಸ್ ನಿಮ್ಮದು. ಒಂದನೇ ಹಂತದಲ್ಲಿ ಹೇಳಿದ 1967ರ ತೀರ್ಪು ನೆನಪಿದೆಯಲ್ಲ? ಇಲ್ಲಿ 27ನೇ ಸೆಕ್ಷನ್ ನಿಮ್ಮ ನೆರವಿಗೆ ಬರುವುದಿಲ್ಲ. ಗ್ರಾಹಕರೇ ಕೇಳಿದರೆ "ಹೌದು, ಬಿಡ್ತಿದೀನಿ. ನಿಮ್ಮ ಕೆಲಸ ಇನ್ಮುಂದೆ ಇವರು ನೋಡ್ಕೋತಾರೆ" ಅಂತ ಬದಲಿ ಹುಡುಗನ ನಂಬರ್ ಕೊಡಿ. ಹೊಟ್ಟೆ ಉರಿಯುತ್ತದೆ, ನಿಜ. ಆದರೂ ಕೊಡಿ.

ಈ ಕಾಲದಲ್ಲಿ ಮಾಡಬಹುದಾದ ಕೆಲಸವೂ ಇದೆ. ಅಂಗಡಿಗೆ ಜಾಗ ನೋಡಿ, ಹೆಸರು ಗೊತ್ತು ಮಾಡಿ, ಬ್ಯಾಂಕಿಗೆ ಅಲೆಯಿರಿ, ವಿಸಿಟಿಂಗ್ ಕಾರ್ಡ್ ಡಿಸೈನ್ ಮಾಡಿಸಿ. ಆಫೀಸ್ ಹೊತ್ತಿನಲ್ಲಿ ಅಲ್ಲ, ಆಫೀಸಿನ ಪ್ರಿಂಟರ್‌ನಲ್ಲಿ ಅಂತೂ ಅಲ್ಲವೇ ಅಲ್ಲ.

## ಹಂತ 4: ಕೊನೆಯ ದಿನ ಫೋನ್ ತೆರೆದು ತೋರಿಸಿ

ಎಷ್ಟೋ ಜನ ಕದಿಯುವುದೇ ಇಲ್ಲ, ಆದರೂ ಲಿಸ್ಟ್ ಅವರ ಜೊತೆ ಬಂದುಬಿಡುತ್ತದೆ. ಸ್ವಂತ ಫೋನಿನಲ್ಲಿ ಆಫೀಸ್ ಇಮೇಲ್ ಹಾಕಿಕೊಂಡಿರುತ್ತೀರಿ. ಕಾಂಟ್ಯಾಕ್ಟ್ ಎಲ್ಲ ತಾನಾಗಿ ಸಿಂಕ್ ಆಗಿ ನಿಮ್ಮ ಗೂಗಲ್ ಖಾತೆಗೆ ಸೇರಿರುತ್ತದೆ. ವಾಟ್ಸ್ಆ್ಯಪ್ ಗ್ರೂಪ್‌ಗಳಲ್ಲಿ ಗ್ರಾಹಕರು ಇರುತ್ತಾರೆ. ಡ್ರೈವ್‌ನಲ್ಲಿ ಯಾರೋ ಶೇರ್ ಮಾಡಿದ ಶೀಟ್ ಇನ್ನೂ ತೆರೆಯುತ್ತಿರುತ್ತದೆ.

ಇದನ್ನು ಕದ್ದುಮುಚ್ಚಿ ಅಳಿಸಬೇಡಿ. ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವರನ್ನು ಅಥವಾ ಎಚ್‌ಆರ್‌ನವರನ್ನು ಕೂರಿಸಿಕೊಂಡು, ಅವರ ಎದುರಿಗೇ ಆಫೀಸ್ ಖಾತೆ ತೆಗೆಯಿರಿ. ಗ್ರೂಪ್‌ಗಳ ಅಡ್ಮಿನ್ ಕೆಲಸವನ್ನು ಬೇರೆಯವರಿಗೆ ವಹಿಸಿ ಹೊರಗೆ ಬನ್ನಿ. ಡ್ರೈವ್‌ನಲ್ಲಿ ನಿಮ್ಮ ಹೆಸರು ತೆಗೆಸಿ. ಅದೇ ಸಂಜೆ ಆಫೀಸ್ ಐಡಿಗೆ ಒಂದು ಇಮೇಲ್ ಕಳಿಸಿ:

"ಇವತ್ತು ನನ್ನ ಫೋನ್ ಮತ್ತು ಲ್ಯಾಪ್‌ಟಾಪ್‌ನಿಂದ ಕಂಪನಿಯ ಖಾತೆ, ಕಾಂಟ್ಯಾಕ್ಟ್, ಫೈಲ್‌ಗಳನ್ನು ನಿಮ್ಮವರ ಎದುರಿಗೆ ತೆಗೆದಿದ್ದೇನೆ. ಲ್ಯಾಪ್‌ಟಾಪ್, ಸಿಮ್, ಐಡಿ ಕಾರ್ಡ್ ಒಪ್ಪಿಸಿದ್ದೇನೆ. ಇನ್ನೇನಾದರೂ ಉಳಿದಿದ್ದರೆ ತಿಳಿಸಿ."

ಇದಕ್ಕೆ ಬಂದ ಉತ್ತರವನ್ನೂ ರಿಲೀವಿಂಗ್ ಲೆಟರನ್ನೂ ಜೋಪಾನವಾಗಿ ಇಟ್ಟುಕೊಳ್ಳಿ. ಮುಂದೆ ಯಾರಾದರೂ ಬೆರಳು ತೋರಿಸಿದರೆ ನಿಮ್ಮ ಕೈಯಲ್ಲಿರುವ ಮೊದಲ ಕಾಗದ ಇದು.

ಧೈರ್ಯ ಇದ್ದರೆ ಒಂದು ಹೆಜ್ಜೆ ಮುಂದೆ ಹೋಗಿ, ಓನರ್‌ನ ಅನುಮತಿ ಕೇಳಿ. ನಗಬೇಡಿ, ಇದು ಕೆಲಸ ಮಾಡುತ್ತದೆ. ಸಣ್ಣ ಕೆಲಸ, ದೂರದ ಏರಿಯಾ, ಕಂಪನಿಗೆ ಲಾಭ ಬಾರದ ಗ್ರಾಹಕರು ಎಲ್ಲ ಕಡೆಯೂ ಇರುತ್ತಾರೆ. "ಸರ್, 1 ಕೆವಿಎಗಿಂತ ಚಿಕ್ಕ ಯುಪಿಎಸ್ ಸರ್ವಿಸ್ ನೀವು ತಗೊಳ್ತಿಲ್ಲ. ಅಂಥವರನ್ನು ನನಗೆ ಬಿಟ್ಟುಕೊಡ್ತೀರಾ?" ಅಂತ ಕೇಳಿದರೆ ಹೋಗುವುದೇನು? ಒಪ್ಪಿದರೆ ಆ ಮಾತನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಕಾಫಿ ಕುಡಿಯುತ್ತಾ ಕೊಟ್ಟ ಒಪ್ಪಿಗೆ ಆರು ತಿಂಗಳಾದ ಮೇಲೆ ಯಾರಿಗೂ ನೆನಪಿರುವುದಿಲ್ಲ.

## ಹಂತ 5: ಖಾಲಿ ನೋಟ್‌ಬುಕ್‌ನಿಂದ ನಿಮ್ಮದೇ ಪಟ್ಟಿ ಕಟ್ಟಿ

ಕೆಲಸ ಬಿಟ್ಟ ಮರುದಿನ ನೋಟ್‌ಬುಕ್ ತೆಗೆಯಿರಿ. ಫೋನ್ ಪಕ್ಕಕ್ಕಿಡಿ. ತಲೆಯಲ್ಲಿ ಇರುವ ಹೆಸರುಗಳನ್ನು ಬರೆಯಿರಿ. ಇಲ್ಲಿ ಒಂದು ಎಚ್ಚರಿಕೆ: ಲಿಸ್ಟನ್ನು ಮೊದಲೇ ಉರು ಹೊಡೆದು ಬಂದು ಬರೆದರೆ ಅದೂ ಲಿಸ್ಟೇ. ನಾನು ಹೇಳುತ್ತಿರುವುದು ಮುಖ ನೆನಪಿದ್ದು, ಮಾತಾಡಿ ಗೊತ್ತಿರುವ ಜನರ ಬಗ್ಗೆ.

ನನಗೆ ನೆನಪಾದದ್ದು 63 ಹೆಸರು. 1,400ರಲ್ಲಿ 63! ಮೊದಲು ನಾಚಿಕೆ ಆಯಿತು, ಆಮೇಲೆ ಅರ್ಥ ಆಯಿತು. ನನಗೆ ಅವರ ಹೆಸರು ನೆನಪಿದೆ ಅಂದರೆ ಅವರಿಗೂ ನನ್ನ ಹೆಸರು ನೆನಪಿದೆ. ಉಳಿದ 1,337 ಜನಕ್ಕೆ ನಾನು ಯಾರು ಅಂತಲೇ ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಕಂಪನಿಯ ಹೆಸರು. ಆ ಮೆಸೇಜ್ ನೋಡಿ ಅವರು ಫೋನ್ ಮಾಡಿದ್ದೂ ಕಂಪನಿಗೇ.

ಹೆಸರು ಬರೆದ ಮೇಲೆ ಪ್ರತಿಯೊಂದಕ್ಕೂ ಹೊರಗಿನ ದಾರಿಯಿಂದ ನಂಬರ್ ಹುಡುಕಿ. ಅಂಗಡಿ, ಕ್ಲಿನಿಕ್, ಕಾರ್ಖಾನೆ ಆದರೆ ಬೋರ್ಡ್ ಅಥವಾ ಗೂಗಲ್ ಮ್ಯಾಪ್ ಸಾಕು. ಲಿಂಕ್ಡ್‌ಇನ್‌ನಲ್ಲಿ ಇದ್ದರೆ ಅಲ್ಲೇ ಕೇಳಬಹುದು. ಮನೆಯ ಗ್ರಾಹಕರಾದರೆ ನಂಬರ್ ಹೊರಗೆ ಸಿಗುವುದಿಲ್ಲ. ಆಗ ಇಬ್ಬರಿಗೂ ಗೊತ್ತಿರುವವರ ಮೂಲಕ ಹೇಳಿಕಳಿಸಿ, ಇಲ್ಲವೇ ಬಿಟ್ಟುಬಿಡಿ. ನಿಮ್ಮ ಫೋನಿನಲ್ಲಿ ಉಳಿದುಹೋದ ಆಫೀಸ್ ಕಾಂಟ್ಯಾಕ್ಟ್‌ನಿಂದ ಮಾತ್ರ ಎತ್ತಬೇಡಿ.

ಈಗ ಶೀಟ್ ಮಾಡಿ. ಐದು ಕಾಲಂ ಸಾಕು: ಹೆಸರು, ನಂಬರ್, ನಂಬರ್ ಎಲ್ಲಿ ಸಿಕ್ಕಿತು, ಯಾವ ದಿನ ಸಿಕ್ಕಿತು, ಮೆಸೇಜ್ ಕಳಿಸಲು ಒಪ್ಪಿದರೇ. ಮೂರನೇ ಮತ್ತು ನಾಲ್ಕನೇ ಕಾಲಂ ತುಂಬಲು ಬೇಜಾರಾಗುತ್ತದೆ. ಅವೇ ನಿಮ್ಮನ್ನು ಕಾಯುವುದು. "ಗೂಗಲ್ ಮ್ಯಾಪ್, ಇಂಥ ದಿನ" ಅಂತ ಬರೆದ 63 ಸಾಲು ಇದ್ದರೆ, ಕದ್ದ ಲಿಸ್ಟ್ ಅನ್ನುವ ವಾದಕ್ಕೆ ಉತ್ತರ ರೆಡಿ ಇರುತ್ತದೆ.

ಕೊನೆಯ ಕಾಲಂಗೆ ಇನ್ನೊಂದು ಕಾರಣವಿದೆ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಂದವು. ಮುಖ್ಯ ಕಟ್ಟುಪಾಡುಗಳಿಗೆ 18 ತಿಂಗಳ ಸಮಯ ಕೊಟ್ಟಿದ್ದಾರೆ. ಅವು ಜಾರಿಯಾದ ಮೇಲೆ, ಗ್ರಾಹಕರು ಹಳೇ ಕಂಪನಿಗೆ ಕೊಟ್ಟ ಒಪ್ಪಿಗೆ ನಿಮಗೆ ಕೊಟ್ಟ ಒಪ್ಪಿಗೆ ಆಗುವುದಿಲ್ಲ. ಈಗಿನಿಂದಲೇ ಕೇಳಿ ಬರೆದುಕೊಳ್ಳುವ ಅಭ್ಯಾಸ ಮಾಡಿದರೆ ಆಮೇಲೆ ಮೊದಲಿನಿಂದ ಶುರು ಮಾಡಬೇಕಾಗುವುದಿಲ್ಲ.

## ಹಂತ 6: ಮೊದಲು ಊರಿಗೆ ಹೇಳಿ, ಆಮೇಲೆ ಒಬ್ಬೊಬ್ಬರಿಗೆ

ಇಲ್ಲಿ ಕ್ರಮ ತುಂಬಾ ಮುಖ್ಯ. ಮೊದಲು ಎಲ್ಲರಿಗೂ ಕಾಣುವ ಹಾಗೆ ಹೇಳಿ. ಅಂಗಡಿ ಬೋರ್ಡ್, ಗೂಗಲ್ ಮ್ಯಾಪ್‌ನಲ್ಲಿ ಹೆಸರು, ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಲಿಂಕ್ಡ್‌ಇನ್, ನಿಮ್ಮ ವಾಟ್ಸ್ಆ್ಯಪ್ ಸ್ಟೇಟಸ್. "ಇಂಥ ಕಡೆ ಇಂಥ ವ್ಯಾಪಾರ ಶುರು ಮಾಡಿದ್ದೇನೆ" ಅಷ್ಟೇ. ಊರಿಗೆಲ್ಲ ಹೇಳಿದ ಸುದ್ದಿಯನ್ನು ಯಾರದೋ ಗ್ರಾಹಕರನ್ನು ಸೆಳೆದದ್ದು ಅಂತ ತೋರಿಸುವುದು ಕಷ್ಟ. ಅದನ್ನು ನೋಡಿ ಹಳೇ ಗ್ರಾಹಕರೇ ಫೋನ್ ಮಾಡಿದರೆ, ಅವರು ತಾವಾಗಿ ಬಂದವರು. ಆ ಕರೆಯ ತಾರೀಕು ಬರೆದಿಟ್ಟುಕೊಳ್ಳಿ, ಮೆಸೇಜ್ ಆದರೆ ಅಳಿಸಬೇಡಿ.

ಎರಡು ಮೂರು ವಾರ ಬಿಟ್ಟು ನೋಟ್‌ಬುಕ್ಕಿನ ಹೆಸರುಗಳಿಗೆ ಕೈ ಹಾಕಿ. ಗ್ರಾಹಕರನ್ನು ಸೆಳೆಯಬಾರದು ಎಂಬ ಷರತ್ತಿಗೆ ನೀವು ಸಹಿ ಹಾಕಿದ್ದು, ಅವರ ಬಳಿ ಹೋಗುವುದು ಬೇಡ ಅಂತ ವಕೀಲರು ಹೇಳಿದ್ದರೆ, ಹಳೇ ಗ್ರಾಹಕರ ಹೆಸರು ಬಿಟ್ಟು ಉಳಿದವರಿಗೆ ಮಾತ್ರ. ದಿನಕ್ಕೆ ಐದಾರು ಜನ ಸಾಕು. ಒಬ್ಬೊಬ್ಬರಿಗೆ ಬೇರೆ ಬೇರೆ ಬರೆಯಿರಿ. ನಾನು ಕಳಿಸಿದ್ದು ಹೆಚ್ಚುಕಮ್ಮಿ ಹೀಗಿತ್ತು:

"ನಮಸ್ಕಾರ ಸರ್. ನಾನು ನಿಮ್ಮ ಕ್ಲಿನಿಕ್‌ಗೆ ಯುಪಿಎಸ್ ಸರ್ವಿಸ್‌ಗೆ ಬರುತ್ತಿದ್ದವನು. ಈಗ ಆ ಕೆಲಸ ಬಿಟ್ಟು ವಿಜಯನಗರದಲ್ಲಿ ನನ್ನದೇ ಅಂಗಡಿ ಇಟ್ಟಿದ್ದೇನೆ. ನಿಮ್ಮ ನಂಬರ್ ಕ್ಲಿನಿಕ್ ಬೋರ್ಡ್‌ನಿಂದ ತೆಗೆದುಕೊಂಡೆ. ಮುಂದೆ ಏನಾದರೂ ತಿಳಿಸಬಹುದಾ? ಬೇಡ ಅಂದರೆ ಬೇಜಾರಿಲ್ಲ, ಮತ್ತೆ ಮೆಸೇಜ್ ಮಾಡುವುದಿಲ್ಲ."

ಇದರಲ್ಲಿ ದರ ಇಲ್ಲ, ಆಫರ್ ಇಲ್ಲ, ಹಳೇ ಕಂಪನಿಯ ಹೆಸರೂ ಇಲ್ಲ. ನಂಬರ್ ಎಲ್ಲಿಂದ ಸಿಕ್ಕಿತು ಅಂತ ಇದೆ. ಜನ ಬೇಗ ನಂಬುವುದು ಆ ಒಂದು ಸಾಲಿನಿಂದ.

ವಾಟ್ಸ್ಆ್ಯಪ್ ಬ್ರಾಡ್‌ಕಾಸ್ಟ್ ಬಗ್ಗೆ ಒಂದು ಮಾತು. ಒಂದು ಲಿಸ್ಟ್‌ಗೆ 256 ಜನರನ್ನು ಸೇರಿಸಬಹುದು. ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ಮುಟ್ಟುತ್ತದೆ. ಹೊಸ ಸಿಮ್‌ನಿಂದ ಕಳಿಸಿ "ಯಾರೂ ರಿಪ್ಲೈ ಮಾಡ್ತಿಲ್ಲ" ಅನ್ನುವವರಿಗೆ ಕಾರಣ ಇದೇ. ಅದಕ್ಕೆಂದು ಎಲ್ಲರನ್ನೂ ಒಂದು ಗ್ರೂಪ್‌ಗೆ ಎಳೆದು ಹಾಕಬೇಡಿ. ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುತ್ತದೆ, ಕೋಪ ಬರುತ್ತದೆ, ಬ್ಲಾಕ್ ಮತ್ತು ರಿಪೋರ್ಟ್ ಒತ್ತುತ್ತಾರೆ. ನಾಲ್ಕು ಜನ ರಿಪೋರ್ಟ್ ಮಾಡಿದರೆ ನಿಮ್ಮ ಖಾತೆಗೇ ಕುತ್ತು ಬರಬಹುದು. ಆಮೇಲೆ ವಿಸಿಟಿಂಗ್ ಕಾರ್ಡ್ ಮತ್ತೆ ಅಚ್ಚು ಹಾಕಿಸಬೇಕು.

ಇಮೇಲ್‌ನಲ್ಲಿ ಮಾಮೂಲಿ ತಪ್ಪು ಅಂದರೆ ಎಲ್ಲರ ಐಡಿಯನ್ನು ಸಿಸಿಯಲ್ಲಿ ಹಾಕುವುದು. ಒಂದೇ ಕ್ಲಿಕ್‌ನಲ್ಲಿ ನಿಮ್ಮ ಪಟ್ಟಿಯನ್ನು ಎಲ್ಲರಿಗೂ ಹಂಚಿದ ಹಾಗಾಯಿತು. ಅದರಲ್ಲಿ ಒಬ್ಬರು ಹಳೇ ಓನರ್‌ಗೆ ಫಾರ್ವರ್ಡ್ ಮಾಡಿದರೆ ಮುಗಿಯಿತು, ಸಾಕ್ಷಿಯನ್ನು ನೀವೇ ಕೊಟ್ಟಂತೆ.

## ಹಂತ 7: ಕರೆ ಮತ್ತು ಎಸ್ಎಂಎಸ್

ಇದನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ಸಣ್ಣ ವ್ಯಾಪಾರಕ್ಕೆ ನನ್ನ ಸಲಹೆ "ಬೇಡ" ಅಂತ. ಜಾಹೀರಾತಿನ ಎಸ್ಎಂಎಸ್ ಕಳಿಸಬೇಕಾದರೆ ಟ್ರಾಯ್ (ಟೆಲಿಕಾಂ ನಿಯಂತ್ರಣ ಪ್ರಾಧಿಕಾರ) ನಿಯಮದ ಪ್ರಕಾರ ಡಿಎಲ್‌ಟಿಯಲ್ಲಿ, ಅಂದರೆ ಟೆಲಿಕಾಂ ಕಂಪನಿಗಳ ನೋಂದಣಿ ವ್ಯವಸ್ಥೆಯಲ್ಲಿ, ಹೆಸರು ನೋಂದಾಯಿಸಿ, ಕಳಿಸುವ ಒಕ್ಕಣೆಗೂ ಒಪ್ಪಿಗೆ ಪಡೆಯಬೇಕು. ಜಾಹೀರಾತಿನ ಕರೆಗೆ 140ರಿಂದ ಶುರುವಾಗುವ ನಂಬರ್ ಇದೆ. ನಿಮ್ಮ ಮಾಮೂಲಿ ಹತ್ತು ಅಂಕಿಯ ನಂಬರಿನಿಂದ ಸಾಲಾಗಿ ಕರೆ ಮಾಡುತ್ತಾ ಹೋದರೆ, ಯಾರಾದರೂ 1909ಕ್ಕೆ ದೂರು ಕೊಡಬಹುದು. 2025ರ ತಿದ್ದುಪಡಿಯ ನಂತರ 10 ದಿನದಲ್ಲಿ 5 ದೂರು ಬಂದರೂ ಕ್ರಮ ಶುರುವಾಗುತ್ತದೆ. ಮುಖ ಗೊತ್ತಿರುವವರಿಗೆ ಒಂದು ಕರೆ ಮಾಡಿ, ಅಷ್ಟೇ.

## ಹಂತ 8: ಹಳೇ ಗ್ರಾಹಕರು ತಾವಾಗಿ ಬಂದಾಗ

ಬರುತ್ತಾರೆ. ಆಗ ಖುಷಿಯಲ್ಲಿ ಆಗುವ ತಪ್ಪು ನಾಲ್ಕು.

ಒಂದು, ಅವರ ಎಎಂಸಿ ಹಳೇ ಕಂಪನಿಯ ಜೊತೆ ಇನ್ನೂ ಚಾಲ್ತಿಯಲ್ಲಿದೆಯೇ ಅಂತ ಕೇಳದೆ ಒಪ್ಪಿಕೊಳ್ಳುವುದು. ಕೇಳಿ. ಇದ್ದರೆ "ಅದು ಮುಗಿಯಲಿ ಸರ್, ಆಮೇಲೆ ಮಾತಾಡೋಣ" ಅನ್ನಿ. ಕರಾರು ಮುರಿಯಿರಿ ಅಂತ ನೀವೇ ಹೇಳಿಕೊಟ್ಟರೆ ಅದು ಬೇರೆಯೇ ಕೇಸ್.

ಎರಡು, "ಅಲ್ಲಿ ನಿಮಗೆ 14,500ಕ್ಕೆ ಕೊಡ್ತಿದ್ದರು, ನಾನು 13,000ಕ್ಕೆ ಕೊಡ್ತೀನಿ" ಅನ್ನುವುದು. ಆ ದರ ನಿಮಗೆ ಹೇಗೆ ಗೊತ್ತು ಅಂತ ಯಾರಾದರೂ ಕೇಳಿದರೆ? ನಿಮ್ಮ ದರವನ್ನು ನಿಮ್ಮ ಖರ್ಚಿನಿಂದ ಲೆಕ್ಕ ಹಾಕಿ. ಗ್ರಾಹಕರೇ ಹಳೇ ಬಿಲ್ ತೋರಿಸಿದರೆ ಅದು ಅವರ ಇಷ್ಟ.

ಮೂರು, ಹಳೇ ಕಂಪನಿಗಾಗಿ ಮಾಡಿದ ಕೆಲಸದ ಫೋಟೋಗಳನ್ನು ನಿಮ್ಮ ಪೇಜ್‌ಗೆ ಹಾಕುವುದು. ಇಂಟೀರಿಯರ್ ಮಾಡುವವರು, ಫೋಟೋಗ್ರಾಫರ್‌ಗಳು, ವೆಬ್‌ಸೈಟ್ ಮಾಡುವವರು ಇದರಲ್ಲಿ ಮುಂದೆ. ಸಂಬಳಕ್ಕೆ ಮಾಡಿದ ಕೆಲಸ ಸಾಮಾನ್ಯವಾಗಿ ಕಂಪನಿಯ ಸ್ವತ್ತು. ಅನುಮತಿ ಕೇಳಿ ಹಾಕಿ, ಇಲ್ಲವೇ ಚಿಕ್ಕದಾದರೂ ಹೊಸ ಕೆಲಸದ ಫೋಟೋ ಹಾಕಿ.

ನಾಲ್ಕು, ಹಳೇ ಓನರ್ ಬಗ್ಗೆ ಕೆಟ್ಟ ಮಾತು. ಗ್ರಾಹಕರು ಆ ಕ್ಷಣಕ್ಕೆ ನಗುತ್ತಾರೆ. ಆಮೇಲೆ, "ನಾಳೆ ನನ್ನ ಬಗ್ಗೆನೂ ಹೀಗೇ ಹೇಳ್ತಾನೆ" ಅಂದುಕೊಳ್ಳುತ್ತಾರೆ.

## ಹಂತ 9: ಈ ಲಕ್ಷಣ ಕಂಡರೆ ತಕ್ಷಣ ನಿಲ್ಲಿಸಿ

ಎರಡು ಮೂರು ಜನ "ನನ್ನ ನಂಬರ್ ಎಲ್ಲಿ ಸಿಕ್ತು?" ಅಂತ ಕೇಳಿದರೆ, ನಿಮ್ಮ ಪಟ್ಟಿಯಲ್ಲೇ ಏನೋ ಎಡವಟ್ಟಾಗಿದೆ. ಹಳೇ ಸಹೋದ್ಯೋಗಿ ಇದ್ದಕ್ಕಿದ್ದಂತೆ ಫೋನ್ ಮಾಡಿ, "ಯಾರ್ಯಾರಿಗೆ ಮೆಸೇಜ್ ಮಾಡಿದೀಯಾ?" ಅಂತ ವಿಚಾರಿಸಿದರೆ ಅವನಾಗಿ ಕೇಳುತ್ತಿಲ್ಲ ಅಂದುಕೊಳ್ಳಿ. ಪರಿಚಯವಿಲ್ಲದ ಗ್ರಾಹಕರೊಬ್ಬರು ಬಂದು ಹಳೇ ಕಂಪನಿಯ ದರವನ್ನೇ ಕೆದಕಿ ಕೆದಕಿ ಕೇಳಿದರೆ ಬಾಯಿ ಬಿಗಿ ಹಿಡಿಯಿರಿ. ನೀವು ಸಹಿ ಹಾಕಿದ ಗೌಪ್ಯತೆ ಕಾಗದವನ್ನು ನೆನಪಿಸುವ ಇಮೇಲ್ ಎಚ್‌ಆರ್ ಕಡೆಯಿಂದ ಬಂದರೆ ಅದು ಮೊದಲ ಎಚ್ಚರಿಕೆ ಗಂಟೆ.

ವಕೀಲರ ನೋಟಿಸ್ ಬಂದೇಬಿಟ್ಟರೆ? ಹರಿದು ಹಾಕಬೇಡಿ. ಸಿಟ್ಟಿನಲ್ಲಿ ನೀವೇ ಉತ್ತರ ಬರೆಯಬೇಡಿ. ಓನರ್‌ಗೆ ಫೋನ್ ಮಾಡಿ ಕೂಗಾಡಬೇಡಿ, ಕರೆ ರೆಕಾರ್ಡ್ ಆಗುತ್ತಿರಬಹುದು. ಉತ್ತರಕ್ಕೆ ಎಷ್ಟು ದಿನ ಕೊಟ್ಟಿದ್ದಾರೆ ನೋಡಿ. ಅಷ್ಟರೊಳಗೆ ವಕೀಲರ ಬಳಿ ನೋಟಿಸ್, ಅಪಾಯಿಂಟ್‌ಮೆಂಟ್ ಲೆಟರ್, ಕೊನೆಯ ದಿನದ ಇಮೇಲ್, ಐದು ಕಾಲಂನ ಶೀಟ್, ಕಳಿಸಿದ ಮೆಸೇಜ್‌ಗಳ ಪ್ರತಿ ಎಲ್ಲವನ್ನೂ ಒಯ್ಯಿರಿ.

ಮುಖ್ಯವಾಗಿ, ನೋಟಿಸ್ ಬಂದ ಮೇಲೆ ಏನನ್ನೂ ಅಳಿಸಬೇಡಿ. ಭಯದಲ್ಲಿ ಎಲ್ಲರೂ ಮೊದಲು ಮಾಡುವುದು ಇದನ್ನೇ. ಫೈಲ್ ಇಟ್ಟುಕೊಂಡದ್ದು ಒಂದು ತಪ್ಪಾದರೆ, ಸಾಕ್ಷಿ ಅಳಿಸಿದ್ದು ಅದಕ್ಕಿಂತ ದೊಡ್ಡ ತಪ್ಪಾಗಿ ಕಾಣುತ್ತದೆ.

## ಈಗಾಗಲೇ ಲಿಸ್ಟ್ ತಂದುಬಿಟ್ಟಿದ್ದರೆ

ಇದನ್ನು ಓದುವವರಲ್ಲಿ ಅರ್ಧ ಜನ ಈ ಜಾಗದಲ್ಲೇ ಇದ್ದೀರಿ ಅಂತ ನನ್ನ ಅನುಮಾನ.

ಇವತ್ತಿನಿಂದ ಆ ಫೈಲ್ ತೆರೆಯಬೇಡಿ. ಬೇರೆಯವರಿಗೆ ಕಳಿಸಬೇಡಿ, ವ್ಯಾಪಾರದ ಪಾರ್ಟ್‌ನರ್‌ಗೂ ಬೇಡ. ಅದರಿಂದ ತೆಗೆದ ನಂಬರ್‌ಗಳನ್ನು ಹೊಸ ಶೀಟಿಗೆ ಸೇರಿಸಿದ್ದರೆ ಆ ಸಾಲುಗಳಿಗೆ ಬಣ್ಣ ಹಚ್ಚಿ ಪಕ್ಕಕ್ಕಿಡಿ, ಅವರಿಗೆ ಮೆಸೇಜ್ ನಿಲ್ಲಿಸಿ. ಇದುವರೆಗೆ ಯಾರ್ಯಾರಿಗೆ ಏನು ಕಳಿಸಿದಿರಿ ಅಂತ ತಾರೀಕಿನ ಸಮೇತ ಒಂದು ಕಾಗದದಲ್ಲಿ ಬರೆಯಿರಿ. ಅದನ್ನು ಹಿಡಿದು ವಕೀಲರ ಬಳಿ ಹೋಗಿ, ಫೈಲನ್ನು ಹೇಗೆ ಹಿಂದಿರುಗಿಸುವುದು, ಯಾವಾಗ ಅಳಿಸುವುದು ಅಂತ ಅವರನ್ನೇ ಕೇಳಿ.

ನನ್ನ ವಿಷಯದಲ್ಲಿ ಫೈಲ್ ಒಪ್ಪಿಸಿ, ಇನ್ನು ಬಳಸುವುದಿಲ್ಲ ಅಂತ ಬರೆದುಕೊಟ್ಟ ಮೇಲೆ ಕಂಪನಿ ಮುಂದುವರಿಸಲಿಲ್ಲ. ವಕೀಲರು ಹೇಳಿದಂತೆ ಆರು ತಿಂಗಳು ಯಾರ ಬಾಗಿಲಿಗೂ ಹೋಗಲಿಲ್ಲ. ಆಮೇಲೆ ನೋಟ್‌ಬುಕ್ಕಿನ ಮೊದಲ ಪುಟದ ಮೊದಲ ಹೆಸರಿಗೆ, ಒಬ್ಬ ದಂತವೈದ್ಯರಿಗೆ, ಬೋರ್ಡ್‌ನಲ್ಲಿದ್ದ ನಂಬರ್ ನೋಡಿ ಕರೆ ಮಾಡಿದೆ. "ಎಲ್ಲಿ ಹೋಗಿದ್ರಿ ಮಾರಾಯ್ರೇ, ಬ್ಯಾಟರಿ ನೀರು ಹಾಕೋರೇ ಇಲ್ಲ" ಅಂದರು.